ಬೆಟ್ಟದ ಜನರಿಗೆ ಜಪಾನ್ ಬರೆದ ಎರಡು ಪಾತ್ರಗಳು

ಓದುಗರ ಪ್ರಶ್ನೆ: ತೈವಾನ್ ಜಪಾನಿನ ಕೈಯಲ್ಲಿದ್ದ ಕಾಲದ ಕಥೆ, ಸಿನಿಮಾಗಳಲ್ಲಿ ಅಲ್ಲಿನ ಬುಡಕಟ್ಟು ಜನ ಒಮ್ಮೆ ರುಂಡ ಕಡಿಯುವ ಕ್ರೂರಿಗಳು, ಇನ್ನೊಮ್ಮೆ ಜಪಾನಿಗಾಗಿ ಜೀವ ಕೊಡುವ ಮುಗ್ಧರು. ಒಂದೇ ಜನ ಹೀಗೆ ಎರಡು ಥರ ಕಾಣೋದು ಯಾಕೆ?

ಜಪಾನಿಗೆ ಆ ಬೆಟ್ಟಗಳಿಂದ ಯಾವಾಗ ಏನು ಬೇಕಿತ್ತು ಅಂತ ನೋಡಿದರೆ ಅರ್ಧ ಉತ್ತರ ಸಿಕ್ಕಹಾಗೆ. ಮೊದಮೊದಲು ಬೇಕಿದ್ದದ್ದು ಮರ. ಕೊನೆಕೊನೆಗೆ ಬೇಕಿದ್ದದ್ದು ಸೈನಿಕರು.

1895ರಲ್ಲಿ ಚೀನಾದ ವಿರುದ್ಧ ಯುದ್ಧ ಗೆದ್ದು ಜಪಾನ್ ತೈವಾನನ್ನು ಪಡೆಯಿತು. 1945ರವರೆಗೂ ಬಿಡಲಿಲ್ಲ. ಅಲ್ಲಿನ ಕಾಡಿನಲ್ಲಿ ಕರ್ಪೂರದ ಮರಗಳಿದ್ದವು. ಆಗ ಸೆಲ್ಯುಲಾಯ್ಡ್ ಎಂಬ ಹಳೆ ಕಾಲದ ಪ್ಲಾಸ್ಟಿಕ್ ತಯಾರಿಸಲು ಕರ್ಪೂರ ಬೇಕೇ ಬೇಕು, ಹಾಗಾಗಿ ಒಳ್ಳೆ ದುಡ್ಡು. ಆದರೆ ಆ ಕಾಡು ಅಟಯಾಲ್ ಮುಂತಾದ ಜನರ ನೆಲ. ಸರ್ಕಾರ ಬೆಟ್ಟದುದ್ದಕ್ಕೂ ಕಾವಲು ಠಾಣೆಗಳನ್ನು ಹಾಕಿತು, ಕೆಲವು ಕಡೆ ತಂತಿಬೇಲಿಗೆ ಕರೆಂಟ್ ಕೂಡ ಹರಿಸಿತು. 1910ರಿಂದ 1914ರವರೆಗೆ ಗವರ್ನರ್ ಜನರಲ್ ಸಕುಮಾ ಸಮಾತಾ ಸೈನ್ಯ ನುಗ್ಗಿಸಿ ಜನರ ಬಂದೂಕುಗಳನ್ನು ಕಿತ್ತುಕೊಂಡ.

ಆ ವರ್ಷಗಳ ಚಿತ್ರಗಳಲ್ಲಿ ಹಚ್ಚೆ ಹಾಕಿದ ಮುಖಗಳು ಮತ್ತು ರುಂಡಗಳೇ ಜಾಸ್ತಿ. ರುಂಡ ಕಡಿಯುವ ಪದ್ಧತಿ ಇದ್ದದ್ದು ಸುಳ್ಳಲ್ಲ. ಕರ್ಪೂರದ ಮರ ಯಾರದ್ದು ಅನ್ನೋ ಪ್ರಶ್ನೆ ಮಾತ್ರ ಆ ಚಿತ್ರಗಳಲ್ಲಿ ಬರುತ್ತಿರಲಿಲ್ಲ.

ಶಾಲೆಯ ಪಾಠಕ್ಕೆ ಬೇರೆ ಕಥೆ ಬೇಕಾಯಿತು. ಅದು ವು ಫೆಂಗ್ ಎಂಬ ಚೀನೀ ದುಭಾಷಿಯದು. ಅಲಿಶಾನ್ ಬೆಟ್ಟದ ತ್ಸೌ ಜನ ರುಂಡ ಕಡಿಯುವುದನ್ನು ಬಿಡಿಸಲು ಅವನು ವರ್ಷಗಟ್ಟಲೆ ಬುದ್ಧಿ ಹೇಳಿದನಂತೆ. ಕೊನೆಗೆ, 'ನಾಳೆ ಕೆಂಪು ಬಟ್ಟೆ ತೊಟ್ಟವನು ಬರುತ್ತಾನೆ, ಅವನ ತಲೆ ಕಡಿಯಿರಿ' ಅಂದನಂತೆ. ಕಡಿದ ಮೇಲೆ ನೋಡಿದರೆ ಅದು ಅವನದೇ ತಲೆ! ಜನ ಪಶ್ಚಾತ್ತಾಪಪಟ್ಟು ಪದ್ಧತಿಯನ್ನೇ ಬಿಟ್ಟರು ಅನ್ನೋದು ಪಾಠ. ಜಪಾನೀಯರು ಇದನ್ನು ಪಠ್ಯಪುಸ್ತಕಕ್ಕೆ ಹಾಕಿದರು. ಅವರು ಹೋದ ಮೇಲೆ ಬಂದ ಚೀನೀ ಸರ್ಕಾರವೂ ಅದನ್ನೇ ಮುಂದುವರಿಸಿತು. ಆಳುವವರು ಬದಲಾದರೂ ಪಾಠ ಬದಲಾಗಲಿಲ್ಲ, ನೋಡಿ. ತ್ಸೌ ಮಕ್ಕಳು ತರಗತಿಯಲ್ಲಿ ಕೂತು ತಮ್ಮ ಅಜ್ಜಂದಿರೇ ಕೊಲೆಗಾರರು ಅಂತ ಓದಬೇಕಿತ್ತು. 1988ರಲ್ಲಿ ಬುಡಕಟ್ಟು ಹೋರಾಟಗಾರರು ಚಿಯಾಯಿ ರೈಲ್ವೆ ನಿಲ್ದಾಣದ ಮುಂದಿದ್ದ ವು ಫೆಂಗ್ ಪ್ರತಿಮೆಯನ್ನು ಕೆಡವಿದರು. ಪಾಠ ಹೋದದ್ದೂ ಆ ಹೊತ್ತಿಗೇ. ಮರುವರ್ಷ, ಅವನ ಹೆಸರು ಹೊತ್ತಿದ್ದ ಆಡಳಿತ ಪ್ರದೇಶಕ್ಕೆ ಅಲಿಶಾನ್ ಎಂದು ಹೆಸರಿಟ್ಟರು.

ಇನ್ನು ಎರಡನೇ ಪಾತ್ರಕ್ಕೆ ಬರೋಣ. 1930ರ ಅಕ್ಟೋಬರ್ 27. ಮುಶಾ ಎಂಬ ಊರಿನಲ್ಲಿ ಶಾಲೆಯ ಕ್ರೀಡಾಕೂಟ. ಮೋನಾ ರುದಾವ್ ನಾಯಕತ್ವದಲ್ಲಿ ಸೀಡಿಕ್ ಜನ ದಂಗೆ ಎದ್ದು 134 ಜಪಾನೀಯರನ್ನು ಕೊಂದರು. ಸರ್ಕಾರಕ್ಕೆ ದೊಡ್ಡ ಆಘಾತ. ಯಾಕೆಂದರೆ ಮುಶಾ ಅಂದರೆ ಅವರು ಹೆಮ್ಮೆಯಿಂದ ತೋರಿಸುತ್ತಿದ್ದ ಮಾದರಿ ಊರು. ಸೈನ್ಯ ಬಂತು, ವಿಮಾನದಿಂದ ಬಾಂಬ್ ಬಿತ್ತು, ಉಳಿದವರನ್ನು ಬೇರೆ ಕಡೆಗೆ ಎತ್ತಂಗಡಿ ಮಾಡಿದರು. ಇದಾದ ಮೇಲೆ ಬೆಟ್ಟದವರು ನಮ್ಮನ್ನು ಪ್ರೀತಿಸುತ್ತಾರೆ ಅಂತ ತೋರಿಸುವ ಕಥೆ ಸರ್ಕಾರಕ್ಕೆ ತುರ್ತಾಗಿ ಬೇಕಿತ್ತು.

ಅದು ಸಿಕ್ಕಿದ್ದು 1938ರಲ್ಲಿ. ಆಗ ಬೆಟ್ಟದ ಹಳ್ಳಿಗಳಲ್ಲಿ ಪೊಲೀಸನೇ ಮೇಷ್ಟ್ರೂ ಆಗಿರುತ್ತಿದ್ದ. ಅಂಥ ಒಬ್ಬ ಮೇಷ್ಟ್ರಿಗೆ ಯುದ್ಧಕ್ಕೆ ಬರಲು ಕರೆ ಬಂತು. ಅವನ ಸಾಮಾನು ಹೊತ್ತು ಬೆಟ್ಟ ಇಳಿದವರಲ್ಲಿ ಸಯೋನ್ ಎಂಬ 17 ವರ್ಷದ ಅಟಯಾಲ್ ಹುಡುಗಿಯೂ ಇದ್ದಳು. ಬಿರುಗಾಳಿ ಮಳೆಯಲ್ಲಿ ಹೊಳೆ ದಾಟುವಾಗ ಜಾರಿಬಿದ್ದು ಕೊಚ್ಚಿಹೋದಳು. ಪತ್ರಿಕೆಯಲ್ಲಿ ಇದು ಮೊದಲು ಬಂದದ್ದು ಬುಡಕಟ್ಟು ಹೆಂಗಸೊಬ್ಬಳು ಹೊಳೆಗೆ ಬಿದ್ದು ಕಾಣೆಯಾದ ಸಣ್ಣ ಸುದ್ದಿಯಾಗಿ, ಅಷ್ಟೇ.

ಮೂರು ವರ್ಷದ ಮೇಲೆ ಗವರ್ನರ್ ಜನರಲ್ ಹಾಸೆಗಾವಾ ಕಿಯೋಶಿ ಆಕೆಯ ನೆನಪಿಗೆ ಊರಿಗೊಂದು ಗಂಟೆ ಕೊಟ್ಟ. ಹಾಡು ಬಂತು. 1943ರಲ್ಲಿ ಶಿಮಿಜು ಹಿರೋಶಿ ಸಿನಿಮಾನೂ ಮಾಡಿದ. ಸಯೋನ್ ಪಾತ್ರ ಮಾಡಿದ್ದು ಮಂಚೂರಿಯಾದಲ್ಲಿ ಹುಟ್ಟಿದ ಜಪಾನೀ ನಟಿ ಯಮಾಗುಚಿ ಯೋಶಿಕೊ. ಆಕೆ ಆಗ ಲಿ ಶಿಯಾಂಗ್‌ಲಾನ್ ಎಂಬ ಹೆಸರಲ್ಲಿ ಚೀನೀ ತಾರೆಯಾಗಿ ಮೆರೆಯುತ್ತಿದ್ದಳು. ಶೂಟಿಂಗ್ ಎಲ್ಲಿ ಗೊತ್ತಾ? ಅದೇ ಮುಶಾ ಸೀಮೆಯಲ್ಲಿ, ದಂಗೆಯಾಗಿ 13 ವರ್ಷಕ್ಕೆ. 1942ರಿಂದಲೇ ಬೆಟ್ಟದ ಯುವಕರನ್ನು ಸ್ವಯಂಸೇವಕರ ಹೆಸರಲ್ಲಿ ಫಿಲಿಪ್ಪೀನ್ಸ್, ನ್ಯೂಗಿನಿಯ ಕಾಡುಗಳಿಗೆ ಕಳಿಸುತ್ತಿದ್ದರು. ಸಿನಿಮಾದ ಅಗತ್ಯ ಏನಿತ್ತು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ಸಂಬಳದ ಕೂಲಿಯೋ ಬಿಟ್ಟಿ ಚಾಕರಿಯೋ ಪ್ರೀತಿಯೋ, ಆ ಹುಡುಗಿ ಯಾಕೆ ಹೊರೆ ಹೊತ್ತಳು ಅಂತ ಯಾರೂ ಕೇಳಲಿಲ್ಲ.

ಮಕ್ಕಳ ಓದು ಇನ್ನೂ ಒರಟು. 1933ರಿಂದ ಬಂದ 'ಬೋಕೆನ್ ದಾನ್‌ಕಿಚಿ' ಚಿತ್ರಕಥೆಯಲ್ಲಿ ಜಪಾನೀ ಹುಡುಗನೊಬ್ಬ ದಕ್ಷಿಣ ಸಮುದ್ರದ ದ್ವೀಪಕ್ಕೆ ರಾಜನಾಗುತ್ತಾನೆ. ಅಲ್ಲಿನವರ ಗುರುತು ಹತ್ತುವುದಿಲ್ಲ ಅಂತ ಅವರ ಎದೆಯ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆಯುತ್ತಾನೆ.

ಹಾಗಾದರೆ ಬೇರೆ ಥರ ಬರೆದವರೇ ಇರಲಿಲ್ವಾ? ಇದ್ದರು. ಜಪಾನೀ ಲೇಖಕ ಸಾತೋ ಹಾರುವೊ 1920ರಲ್ಲಿ ತೈವಾನ್ ಸುತ್ತಿದ. 1923ರ ಅಕ್ಟೋಬರ್‌ನಲ್ಲಿ ಅವನ 'ಮಾಚೋ' ಕಥೆ ಬಂತು. ಕೆಡುಕಿನ ಹಕ್ಕಿಯನ್ನು ಕರೆಸಬಲ್ಲವರು ಎಂಬ ಶಂಕೆಗೆ ಬಿದ್ದು ಊರವರ ಸಿಟ್ಟಿಗೆ ಬಲಿಯಾಗುವ ಕುಟುಂಬದ ಕಥೆ ಅದು. ನಾಗರಿಕರು ಅನ್ನಿಸಿಕೊಂಡವರೂ ಹೀಗೇ ಮಾಡುತ್ತಾರೆ ಅಂತ ನಿರೂಪಕ ಚುಚ್ಚುತ್ತಾನೆ. ಹಿಂದಿನ ತಿಂಗಳಷ್ಟೇ ಟೋಕಿಯೊ ಭೂಕಂಪವಾಗಿತ್ತು. ಕೊರಿಯನ್ನರು ಬಾವಿಗೆ ವಿಷ ಹಾಕಿದರು ಎಂಬ ಗಾಳಿಸುದ್ದಿಗೆ ಸಾವಿರಾರು ಕೊರಿಯನ್ನರನ್ನು ಕೊಂದಿದ್ದರು. ಓದಿದವರಿಗೆ ಚುಚ್ಚು ಎಲ್ಲಿಗೆ ಅಂತ ಗೊತ್ತಾಗಿರಲೇಬೇಕು. 1935ರ ಓಶಿಕಾ ತಾಕುವಿನ ಕಥೆಯಲ್ಲಿ ಜಪಾನೀ ಯುವಕನೇ ರುಂಡ ಕಡಿದು ತಾನೂ ಕಾಡಿನವನಾಗಲು ಹೊರಡುತ್ತಾನೆ.

ನನಗೆ ಸಾತೋನ ಕಥೆ ಹೆಚ್ಚು ಇಷ್ಟ. ಓಶಿಕಾ ಹಳೆಯ ಕ್ರೂರಿಯ ಚಿತ್ರವನ್ನೇ ಹೊಗಳಿಕೆಯ ಧಾಟಿಯಲ್ಲಿ ಬರೆದ ಹಾಗಿದೆ. ಆದರೆ ಇಬ್ಬರಲ್ಲೂ ಒಂದು ಕೊರತೆ ಇದೆ. ಅವರ ಕಣ್ಣು ಇರೋದು ಜಪಾನಿನ ಮೇಲೆ. ಬೆಟ್ಟದವರು ಆ ಮಾತಿಗೆ ನೆಪ ಮಾತ್ರ.

ಒಳಗಿನ ದನಿ ಬೇಕು ಅನ್ನುವವರು ಜಪಾನಿನದೇ ಉತ್ತರದ ಹೊಕ್ಕೈಡೊ ದ್ವೀಪದತ್ತ ತಿರುಗಬೇಕು. 'ಮಾಚೋ' ಬಂದ ವರ್ಷವೇ ಅಲ್ಲಿನ ಮೂಲನಿವಾಸಿಗಳಾದ ಐನು ಜನರ ಹುಡುಗಿ ಚಿರಿ ಯುಕಿಯೆ ತನ್ನ ಜನರ 13 ದೇವರ ಹಾಡುಗಳನ್ನು ಐನು ಮತ್ತು ಜಪಾನೀ ಎರಡರಲ್ಲೂ ಬರೆದಿಟ್ಟ ಪುಸ್ತಕ ಹೊರಬಂತು. ಅಷ್ಟು ಹೊತ್ತಿಗೆ ಆಕೆ ತೀರಿಕೊಂಡಿದ್ದಳು, ವಯಸ್ಸು 19. ಅಲ್ಲಿ ಮೊದಲ ಹಾಡಿನಲ್ಲಿ ಗೂಬೆ ದೇವರು 'ನಾನು' ಅಂತ ತನ್ನ ಕಥೆ ತಾನೇ ಹೇಳುತ್ತಾನೆ. ಮೊದಲು ಅದನ್ನು ಓದಿ, ಆಮೇಲೆ ಸಾತೋ. ಸಯೋನ್ ಸಿನಿಮಾ ಕೊನೆಗೆ ನೋಡಿದರೂ ಸಾಕು.