ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಿದರೆ ಏನಾಗುತ್ತದೆ?

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಹಳೆಯ ಮಹೀಂದ್ರ ಜೀಪುಗಳು ಇನ್ನೂ ದುಡಿಯುತ್ತಿವೆ. ಕಾಫಿ ಮೂಟೆ, ಗೊಬ್ಬರ, ಕೆಲಸದವರು, ಎಲ್ಲವನ್ನೂ ಹೊತ್ತು ಕೆಸರಿನ ಏರು ಹತ್ತುತ್ತವೆ. ಖರ್ಚು ಬಂದಾಗಲೆಲ್ಲ ಜನ ಗಾಡಿಯ ವಯಸ್ಸನ್ನು ದೂರುತ್ತಾರೆ. ಆದರೆ ಜೇಬಿಗೆ ಕತ್ತರಿ ಹಾಕುವ ದೊಡ್ಡ ರಿಪೇರಿಗಳ ಹಿಂದೆ ಎಷ್ಟೋ ಸಲ ಇರುವುದು ವಯಸ್ಸಲ್ಲ, ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಕೊಡುವ ಫೋರ್ ವೀಲ್ ಲಿವರನ್ನು ಬಳಸಿದ ರೀತಿ.

ಗೇರ್‌ಬಾಕ್ಸ್‌ನ ಹಿಂದೆ, ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಲಿವರ್ ಹಾಕಿದ ಕೂಡಲೇ ಮುಂದಿನ, ಹಿಂದಿನ ಶಾಫ್ಟ್‌ಗಳು ಅದರೊಳಗೆ ಗಟ್ಟಿಯಾಗಿ ಕೂಡಿಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಡಿಫರೆನ್ಷಿಯಲ್ ಇದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಅಂಥದ್ದೇನೂ ಇಲ್ಲ. ತೊಂದರೆ ಶುರುವಾಗುವುದೇ ಇಲ್ಲಿ.

ಹಳೆಯ ಸಣ್ಣ ಜೀಪಿನ ಎರಡು ಆಕ್ಸಲ್‌ಗಳ ನಡುವೆ ಸುಮಾರು 2 ಮೀಟರ್ ಅಂತರ. ಹಿಂದಿನ ಆಕ್ಸಲ್‌ನ ನಡುಭಾಗ 6 ಮೀಟರ್ ತ್ರಿಜ್ಯದಲ್ಲಿ ಒಂದು ಸುತ್ತು ಹಾಕಿದರೆ 37.7 ಮೀಟರ್ ಸಾಗುತ್ತದೆ. ಮುಂದಿನದು ಇನ್ನೂ ಹೊರಗಿನ ವೃತ್ತದಲ್ಲಿ ಹೋಗುವುದರಿಂದ 39.7 ಮೀಟರ್ ಸಾಗಬೇಕು. ಒಂದು ಯು-ಟರ್ನ್‌ಗೇ 1 ಮೀಟರ್ ವ್ಯತ್ಯಾಸ! ಕೆಸರಿನಲ್ಲಿ ಟೈರು ಅಲ್ಲಲ್ಲಿ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರಿನ ಮೇಲೆ ಟೈರು ಸುಲಭಕ್ಕೆ ಜಾರುವುದಿಲ್ಲ. ಆಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟ್‌ಗಳು ತಿರುಚಿಕೊಳ್ಳುತ್ತವೆ. ಗೇರ್ ಹಲ್ಲುಗಳು ಒಂದನ್ನೊಂದು ಬಿಗಿಯಾಗಿ ಒತ್ತುತ್ತವೆ. ಸ್ಟೀರಿಂಗ್ ಭಾರವಾಗುತ್ತದೆ, ಟೈರು ಸವೆಯುತ್ತದೆ. ಕೊನೆಗೆ ಎಲ್ಲಿ ಬಲ ಕಡಿಮೆಯೋ ಅಲ್ಲಿ ಮುರಿಯುತ್ತದೆ: ಶಾಫ್ಟ್ ತುದಿಯ ಕೀಲಿನಲ್ಲಿರುವ ಜಾಯಿಂಟ್ ಕ್ರಾಸ್, ಇಲ್ಲವೇ ಆಕ್ಸಲ್ ಒಳಗಿನ ಕ್ರೌನ್-ಪಿನಿಯನ್ ಗೇರು.

ಫೋರ್ ವೀಲ್ ಲಿವರ್ ಎಳೆದರೂ ಬರುತ್ತಿಲ್ಲ ಅಂದರೆ ಬಿಚ್ಚಿಸಲು ಅವಸರ ಬೇಡ. ಒಳಗಿನ ಬಿಗಿತವೇ ಹಲ್ಲುಗಳನ್ನು ಹಿಡಿದಿಟ್ಟಿರಬಹುದು. ಬಂದ ತಿರುವಿನಲ್ಲೇ ಹತ್ತಿಪ್ಪತ್ತು ಅಡಿ ರಿವರ್ಸ್ ಹೋಗಿ, ಬಿಗಿತ ಸಡಿಲವಾದರೆ ಲಿವರ್ ಸಲೀಸಾಗಿ ಬರುತ್ತದೆ.

ಟೈರಿನ ವಿಷಯದಲ್ಲಿ ಮಾಡುವ ಉಳಿತಾಯವೂ ಹೀಗೇ ತಿರುಗಿ ಬೀಳುತ್ತದೆ. ಮುಂದೆ ಎರಡು ಹೊಸ ಟೈರು, ಹಿಂದೆ ಸವೆದದ್ದು ಅಂದುಕೊಳ್ಳಿ. ತ್ರಿಜ್ಯದಲ್ಲಿ 6 ಮಿಲಿಮೀಟರ್ ವ್ಯತ್ಯಾಸವಿದ್ದರೆ ಪ್ರತಿ ಸುತ್ತಿಗೆ ಸುಮಾರು 38 ಮಿಲಿಮೀಟರ್ ಹೆಚ್ಚುಕಡಿಮೆ. ಕಿಲೋಮೀಟರ್‌ಗೆ ಅದು 15 ಮೀಟರ್ ದಾಟುತ್ತದೆ. ಫೋರ್ ವೀಲ್ ಹಾಕಿದಾಗ ನೇರ ರಸ್ತೆಯಲ್ಲೂ ಶಾಫ್ಟ್ ತಿರುಚಿಕೊಳ್ಳಲು ಇಷ್ಟು ಸಾಕು. ನಾಲ್ಕೂ ಟೈರು ಒಂದೇ ಅಳತೆಯಲ್ಲಿ, ಹೆಚ್ಚುಕಡಿಮೆ ಒಂದೇ ಸವೆತದಲ್ಲಿ ಇರಲೇಬೇಕು.

ಕ್ರಾಸ್ ಸವೆದಿದೆಯೇ ಎಂದು ನೋಡುವುದು ಸುಲಭ. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಶಾಫ್ಟನ್ನು ಕೈಯಲ್ಲಿ ಅತ್ತಿತ್ತ ತಿರುಗಿಸಿ. ಕ್ರಾಸ್‌ನಲ್ಲಿ ಪ್ಲೇ, ಅಂದರೆ ಸಡಿಲ ಕಂಡರೆ, ಅದರ ಕಪ್‌ಗಳ ಸುತ್ತ ಕೆಂಪು ಪುಡಿ ಇದ್ದರೆ, ಒಳಗಿನ ಗ್ರೀಸ್ ಒಣಗಿ ಬೇರಿಂಗ್ ತುಕ್ಕು ಹಿಡಿದಿದೆ. ಇದೇ ಹಂತದಲ್ಲಿ ಬದಲಿಸಿದರೆ ಖರ್ಚು ಕಡಿಮೆ. ಓಡುವಾಗ ಶಾಫ್ಟ್ ಕಳಚಿ ಬಿದ್ದರೆ ಜೀವಕ್ಕೇ ಅಪಾಯ.

ಮಲೆನಾಡಿನಲ್ಲಿ ಇನ್ನೊಂದು ಶತ್ರು ಹಳ್ಳದ ನೀರು. ಏರು ಹತ್ತಿ ಬಂದ ಜೀಪಿನ ಆಕ್ಸಲ್ ಹೌಸಿಂಗ್ (ಆಕ್ಸಲ್, ಗೇರು, ಆಯಿಲ್ ಇರುವ ಕವಚ) 70 ಡಿಗ್ರಿ ಬಿಸಿ ಇದೆ ಅನ್ನಿ. ಅದನ್ನು 25 ಡಿಗ್ರಿಯ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಣ್ಣಗಾಗುತ್ತದೆ. ಹೌಸಿಂಗ್‌ಗೆ ಗಾಳಿಯಾಡಲು ಇರುವ ಸಣ್ಣ ಕಿಂಡಿಯಾದ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಹೊರಗಿನ ಗಾಳಿ ಒಳಗೆ ಬರುವಂತಿಲ್ಲ. ಒಳಗಿನ ಒತ್ತಡ ಶೇ. 13ರವರೆಗೂ ಇಳಿಯಬಹುದು. ಅಂದರೆ ಹೌಸಿಂಗ್ ಇನ್ನೂ 1.3 ಮೀಟರ್ ಆಳದ ನೀರಿನಲ್ಲಿ ಮುಳುಗಿದಷ್ಟೇ ಒತ್ತಡ ಆಯಿಲ್ ಸೀಲ್‌ಗಳ ಮೇಲೆ! ಹಳೆಯ ಸೀಲ್ ಅದನ್ನು ತಡೆಯುತ್ತದೆಯೇ? ನೀರು ಮೆಲ್ಲಗೆ ಒಳಗೆ ಸೇರುತ್ತದೆ. ಹಾಗಾಗಿ ಹಳ್ಳಕ್ಕೆ ಇಳಿಯುವ ಮೊದಲು ಹತ್ತು ನಿಮಿಷ ನಿಲ್ಲಿಸಿ ಹೌಸಿಂಗ್ ಆರಲು ಬಿಡುವುದು ಒಳ್ಳೆಯದು. ಬ್ರೀದರ್‌ಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ, ಬಾಯಿಯನ್ನು ಬಾನೆಟ್ ಎತ್ತರಕ್ಕೆ ಕಟ್ಟಿದರೆ ಇನ್ನೂ ವಾಸಿ.

ನೀರು ಸೇರಿದೆಯೇ ಎಂದು ನೋಡಲು ಗಾಡಿ ರಾತ್ರಿಯಿಡೀ ನಿಂತಿರಬೇಕು. ನೀರು ಆಯಿಲಿಗಿಂತ ಭಾರ, ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಹೌಸಿಂಗ್‌ನ ಡ್ರೈನ್ ಬೋಲ್ಟನ್ನು ಸ್ವಲ್ಪ ಸಡಿಲಿಸಿ. ಮೊದಲು ನೀರು ತೊಟ್ಟಿಕ್ಕಿದರೆ, ಅಥವಾ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅಷ್ಟನ್ನೂ ಸುರಿದು ಹೊಸದನ್ನು ತುಂಬಿಸಿ.