ಹದಿನೈದು ಮಂದಿಯನ್ನೂ ಸೋಲಿಸಿ ಸೋತವನು

1936ರ ಸೆಪ್ಟೆಂಬರಿನ ಒಂದು ರಾತ್ರಿ, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ. ಸ್ಪೀಡ್‌ವೇ ಬೈಕ್ ಓಟದ ಮೊತ್ತಮೊದಲ ವಿಶ್ವ ಫೈನಲ್. ಬ್ಲೂಯಿ ವಿಲ್ಕಿನ್ಸನ್ ಎಂಬ ಆಸ್ಟ್ರೇಲಿಯದ ಸವಾರ ಐದು ಸಲ ಕಣಕ್ಕಿಳಿದ, ಐದು ಸಲವೂ ಗೆದ್ದ. ಅಂದು ಬಂದಿದ್ದ ಉಳಿದ ಹದಿನೈದು ಮಂದಿಯಲ್ಲಿ ಅವನ ಕೈಯಲ್ಲಿ ಸೋಲದವನು ಒಬ್ಬನೂ ಇರಲಿಲ್ಲ. ಆದರೆ ವಿಶ್ವ ಚಾಂಪಿಯನ್ ಎಂದು ಘೋಷಿಸಿದ್ದು ಬೇರೊಬ್ಬನನ್ನು!

ಕಾರಣ ನಿಯಮಪುಸ್ತಕದ ಒಂದು ಸಾಲು. ಹಿಂದಿನ ಸುತ್ತುಗಳಲ್ಲಿ ಗಳಿಸಿದ್ದಕ್ಕೆ ಬೋನಸ್ ಅಂಕ ಕೊಟ್ಟು, ಅದನ್ನು ಫೈನಲ್‌ಗೆ ಹೊತ್ತು ತರಬಹುದಿತ್ತು. ವಿಲ್ಕಿನ್ಸನ್ ತಂದದ್ದು 10, ಆ ರಾತ್ರಿ ಗಳಿಸಿದ್ದು 15, ಒಟ್ಟು 25. ಇನ್ನೊಬ್ಬ ಆಸ್ಟ್ರೇಲಿಯನ್ ಲಯೊನೆಲ್ ವಾನ್ ಪ್ರಾಗ್ ಮತ್ತು ಇಂಗ್ಲೆಂಡಿನ ಎರಿಕ್ ಲ್ಯಾಂಗ್ಟನ್ ಇಬ್ಬರದ್ದೂ 26. ಇವರಿಬ್ಬರ ನಡುವೆ ಮತ್ತೊಂದು ಓಟ ಇಟ್ಟರು. ಲ್ಯಾಂಗ್ಟನ್ ಆತುರದಲ್ಲಿ ಆರಂಭದ ಟೇಪಿಗೇ ನುಗ್ಗಿದ. ನಿಯಮದ ಪ್ರಕಾರ ಅವನು ಹೊರಗೆ. ಪುಕ್ಕಟೆ ಪಟ್ಟ ಬೇಡ ಎಂದು ವಾನ್ ಪ್ರಾಗ್ ಹಟ ಹಿಡಿದು ಮರು ಓಟ ಮಾಡಿಸಿ, ಕೊನೆಯ ತಿರುವಿನಲ್ಲಿ ಸಂದಿ ಹುಡುಕಿ ಒಳನುಗ್ಗಿ ಗೆದ್ದ. ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದರು ಎಂಬ ಗುಸುಗುಸು ಆಮೇಲೆ ಎದ್ದಿತು, ಅದು ಬೇರೆ ಕಥೆ.

ಈ ಕ್ರೀಡೆಯ ಅಭಿಮಾನಿಗಳು ಅಂದು ಶುರು ಮಾಡಿದ ಜಗಳವನ್ನು ಇವತ್ತಿಗೂ ನಿಲ್ಲಿಸಿಲ್ಲ. ಯಾರು ಅರ್ಹ, ಯಾವ ಅಂಕ ಲೆಕ್ಕಕ್ಕೆ, ಯಾವ ಗೇಟು (ಓಟ ಶುರುವಾಗುವಾಗ ನಿಲ್ಲುವ ಜಾಗ) ಯಾರ ಪಾಲಿಗೆ. ಜಗಳದ ನಡುವೆ ಎಲ್ಲರೂ ಮರೆಯುವ ಪ್ರಶ್ನೆ ಒಂದಿದೆ, ನನಗೆ ಅದೇ ಮುಖ್ಯ. ಒಂದು ಹೀಟಿನಲ್ಲಿ, ಅಂದರೆ ಒಂದು ಬಿಡಿ ಓಟದಲ್ಲಿ, ಓಡುವುದು ನಾಲ್ಕೇ ಬೈಕು. ಒಬ್ಬ ಸವಾರನಿಗೆ ಸಿಗುವುದು ಐದೇ ಹೀಟು. ಅಷ್ಟರಲ್ಲಿ ವಿಲ್ಕಿನ್ಸನ್ ಹದಿನೈದು ಮಂದಿಯನ್ನೂ ಎದುರಿಸಿದ್ದು ಹೇಗೆ?

ಐದು ಹೀಟು, ಪ್ರತಿಯೊಂದರಲ್ಲೂ ಮೂವರು ಎದುರಾಳಿಗಳು, ಐದು ಮೂರಲೆ ಹದಿನೈದು. ಸರಿಯಾಯಿತಲ್ಲ ಎನ್ನಬೇಡಿ. ಒಬ್ಬನಿಗೆ ಹೊಂದಿಸುವುದು ಸುಲಭ, ಹದಿನಾರು ಮಂದಿಗೂ ಏಕಕಾಲಕ್ಕೆ ಹೊಂದಿಸುವುದು ಬೇರೆ ಮಾತು. ಹದಿನಾರು ಜನರಲ್ಲಿ 120 ಜೋಡಿಗಳಿವೆ. ಒಂದು ಹೀಟಿನ ನಾಲ್ವರಲ್ಲಿ 6 ಜೋಡಿ, ಇಪ್ಪತ್ತು ಹೀಟಿಗೆ 120. ಒಂದೇ ಒಂದು ಜೋಡಿ ಎರಡು ಸಲ ಭೇಟಿಯಾದರೂ ಸಾಕು, ಇನ್ನೊಂದು ಜೋಡಿ ಭೇಟಿಯೇ ಆಗದೆ ಉಳಿಯುತ್ತದೆ. ಎಲ್ಲೂ ಒಂದಿಷ್ಟೂ ಸಡಿಲವಿಲ್ಲದ ಲೆಕ್ಕ ಇದು.

ನಾಲ್ಕು ಸಾಲು, ಸಾಲಿಗೆ ನಾಲ್ಕು ಚುಕ್ಕಿ ಇಟ್ಟು ರಂಗೋಲಿಗೆ ಕೂರಿ. ಮೊದಲ ಸಾಲು 1, 2, 3, 4. ಎರಡನೆಯದು 5ರಿಂದ 8, ಮೂರನೆಯದು 9ರಿಂದ 12, ಕೊನೆಯದು 13ರಿಂದ 16. ಅಡ್ಡಗೆರೆ ಎಳೆದರೆ ಮೊದಲ ನಾಲ್ಕು ಹೀಟು ಸಿದ್ಧ. ಉದ್ದಗೆರೆ ಎಳೆದರೆ ಮುಂದಿನ ನಾಲ್ಕು: 1, 5, 9, 13 ಒಂದು ಹೀಟು, ಹೀಗೆ. ಆಮೇಲೆ ಓರೆಗೆರೆ. 1, 6, 11, 16. ಅದನ್ನೇ ಒಂದು ಮನೆ ಬಲಕ್ಕೆ ಸರಿಸಿ, ಅಂಚು ದಾಟಿದರೆ ಸುತ್ತಿ ಎಡದಿಂದ ತನ್ನಿ: 2, 7, 12, 13. ಇಲ್ಲಿಯವರೆಗೆ ಯಾರಾದರೂ ಮಾಡುತ್ತಾರೆ. ಹನ್ನೆರಡು ಹೀಟು ಆಯಿತು, ಇನ್ನು ಎಂಟು.

ಇಲ್ಲೇ ಕೈ ಕಟ್ಟಿಹೋಗುವುದು. ಎರಡೆರಡು ಮನೆ ಹಾರುತ್ತಾ ಹೋದರೆ 1, 7, 9, 15 ಬರುತ್ತದೆ, ಆದರೆ 1 ಮತ್ತು 9 ಉದ್ದಗೆರೆಯಲ್ಲಿ ಆಗಲೇ ಸೆಣಸಿದ್ದಾರೆ. ಎದುರು ದಿಕ್ಕಿನ ಓರೆ ಹಿಡಿದರೆ 1, 8, 11, 14 ಬರುತ್ತದೆ, 1 ಮತ್ತು 11 ಈಗಾಗಲೇ ಭೇಟಿಯಾದವರು. ಏನೇ ತಿಪ್ಪರಲಾಗ ಹಾಕಿದರೂ ಈ ಸರಳ ಓರೆಗೆರೆಗಳ ನಂತರ ಹದಿಮೂರನೆಯ ಹೀಟು, ಒಂದೇ ಒಂದು ಹೀಟು ಕೂಡ, ಹುಟ್ಟುವುದಿಲ್ಲ. ಇದನ್ನು ಗಣಿತ ಸಾಬೀತು ಮಾಡಿ ತೋರಿಸಿದೆ. ನಾನು ಮೊದಲ ಸಲ ಇದು ಗೊತ್ತಿಲ್ಲದೆ ಒಂದು ಇಡೀ ಭಾನುವಾರ ಕಾಗದ ಹರಿದಿದ್ದೇನೆ.

ದಾರಿ ಸಿಗುವುದು ಕೋಲಾಟದಲ್ಲಿ. ಅಡ್ಡಗೆರೆ, ಉದ್ದಗೆರೆಯ ಎಂಟು ಹೀಟು ಉಳಿಸಿಕೊಂಡು ಓರೆಗೆರೆಗಳನ್ನು ಅಳಿಸಿ. ಸರಿಯುತ್ತಾ ಹೋಗುವ ಬದಲು ಜೋಡಿ ಅದಲುಬದಲು ಮಾಡಿ. ಮೊದಲ ಸಾಲು ಅಲುಗದೆ ನಿಲ್ಲಲಿ: 1, 2, 3, 4. ಎರಡನೆಯ ಸಾಲಿನಲ್ಲಿ ಪಕ್ಕಪಕ್ಕದವರು ಜಾಗ ಬದಲಿಸಲಿ: 6, 5, 8, 7. ಮೂರನೆಯದರಲ್ಲಿ ಎಡ ಅರ್ಧ ಬಲಕ್ಕೆ, ಬಲ ಅರ್ಧ ಎಡಕ್ಕೆ: 11, 12, 9, 10. ನಾಲ್ಕನೆಯದರಲ್ಲಿ ಎರಡೂ ಒಟ್ಟಿಗೆ, ಅಂದರೆ ಸಾಲು ಪೂರ್ತಿ ತಿರುವುಮುರುವು: 16, 15, 14, 13. ಈಗ ಮೇಲಿನಿಂದ ಕೆಳಕ್ಕೆ ಓದಿ. 1, 6, 11, 16. 2, 5, 12, 15. 3, 8, 9, 14. 4, 7, 10, 13. ಯಾರೂ ಹಳಬರನ್ನು ಮತ್ತೆ ಕಂಡಿಲ್ಲ. ಇನ್ನು ಈ ಮೂರು ಹೆಜ್ಜೆಗಳನ್ನೇ ಮೂರು ಸಾಲುಗಳಿಗೆ ಸರದಿಯಂತೆ ಹಂಚಿ. ಎರಡನೆಯ ಸಾಲಿಗೆ ಅರ್ಧದ ಬದಲಾವಣೆ, ಮೂರನೆಯದಕ್ಕೆ ತಿರುವುಮುರುವು, ನಾಲ್ಕನೆಯದಕ್ಕೆ ಪಕ್ಕದ ಬದಲಾವಣೆ ಕೊಟ್ಟರೆ 1, 7, 12, 14 ಮುಂತಾದ ನಾಲ್ಕು. ಇನ್ನೊಮ್ಮೆ ಸರದಿ ತಿರುಗಿಸಿದರೆ 1, 8, 10, 15 ಮುಂತಾದ ಕೊನೆಯ ನಾಲ್ಕು. ಇಪ್ಪತ್ತು ಹೀಟು, 120 ಭೇಟಿ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ವೆಂಬ್ಲಿಯಲ್ಲಿ ಆ ಫೈನಲ್ ನಡೆದ ಅದೇ 1936ರಲ್ಲಿ, ಇಂಗ್ಲೆಂಡಿನದೇ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಫ್ರ್ಯಾಂಕ್ ಯೇಟ್ಸ್ ಇದೇ ಬಗೆಯ ಹಂಚಿಕೆಯ ಮೇಲೆ ಪ್ರಬಂಧ ಪ್ರಕಟಿಸಿದರು. ಅವರಿಗೆ ಬೈಕ್ ಬೇಕಿರಲಿಲ್ಲ, ಬೆಳೆ ಬೇಕಿತ್ತು. ಹದಿನಾರು ತಳಿ ಹೋಲಿಸಬೇಕು, ಆದರೆ ಒಂದೇ ಗುಣದ ಮಣ್ಣಿರುವ ತುಂಡು ಹೊಲದಲ್ಲಿ ಹಿಡಿಸುವುದು ನಾಲ್ಕೇ ಎಂದಿಟ್ಟುಕೊಳ್ಳಿ, ಅದೇ ಸಮಸ್ಯೆ ಎದುರಾಗುತ್ತದೆ. ಹೀಟು ಅಂದರೆ ಒಂದು ತುಂಡು ಹೊಲ, ಸವಾರ ಅಂದರೆ ಒಂದು ತಳಿ. ಈ ವಿದ್ಯೆ ಕೊಲ್ಕತ್ತಕ್ಕೆ ಬಂದಾಗ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದ ರಾಜ್ ಚಂದ್ರ ಬೋಸ್ ಅವರು ಇದರ ಹಿಂದಿರುವುದು ಜ್ಯಾಮಿತಿ ಎಂದು ಕಂಡುಕೊಂಡರು. ಹದಿನಾರು ಬಿಂದು, ಇಪ್ಪತ್ತು ಸರಳರೇಖೆ, ಯಾವ ಎರಡು ಬಿಂದುವಿನ ಮೂಲಕವೂ ಒಂದೇ ರೇಖೆ: ಶಾಲೆಯಲ್ಲಿ ಕಲಿತ ಯೂಕ್ಲಿಡ್, ಆದರೆ ಹದಿನಾರೇ ಬಿಂದುಗಳ ಪುಟ್ಟ ಲೋಕದಲ್ಲಿ. 1939ರಲ್ಲಿ ಬಂದ ಅವರ ಪ್ರಬಂಧ ಇಂಥ ಕೋಷ್ಟಕಗಳನ್ನು ಕಟ್ಟುವ ಕ್ರಮಬದ್ಧ ವಿಧಾನಗಳನ್ನು ಕೊಟ್ಟಿತು.

ಎಲ್ಲ ಸಂಖ್ಯೆಗೂ ಈ ಭಾಗ್ಯವಿಲ್ಲ. ಮೂವತ್ತಾರು ಸವಾರರನ್ನು ಆರಾರರಂತೆ ಓಡಿಸಿ ಇದೇ ಸಮತೋಲ ತರಲು ಹೊರಟರೆ ಸೋಲು ಖಚಿತ. 1782ರಲ್ಲಿ ಗಣಿತಜ್ಞ ಆಯ್ಲರ್ ಮೂವತ್ತಾರು ಸೇನಾಧಿಕಾರಿಗಳ ಒಗಟಿನ ಮೂಲಕ (ಆರು ದಳ, ಆರು ಹುದ್ದೆ; ಆರಕ್ಕೆ ಆರರ ಚೌಕದ ಪ್ರತಿ ಅಡ್ಡಸಾಲು, ಉದ್ದಸಾಲಿನಲ್ಲಿ ಪ್ರತಿ ದಳ, ಪ್ರತಿ ಹುದ್ದೆ ಒಮ್ಮೊಮ್ಮೆ ಬರಬೇಕು) ಇದು ಅಸಾಧ್ಯವೆಂದು ಶಂಕಿಸಿದ್ದರು, 1901ರಲ್ಲಿ ಟ್ಯಾರಿ ಒಂದೊಂದಾಗಿ ಎಲ್ಲ ಸಾಧ್ಯತೆ ಅಳಿಸಿ ತೋರಿಸಿದರು. ಆ ಒಗಟು ಹತ್ತಕ್ಕೆ ಹತ್ತರ ಚೌಕದಲ್ಲೂ ಬಿಡಿಸಲಾಗದ್ದು ಎಂದು ಆಯ್ಲರ್ ಊಹಿಸಿದ್ದನ್ನು 1959ರಲ್ಲಿ ಸುಳ್ಳು ಮಾಡಿದ ಮೂವರಲ್ಲಿ ಇದೇ ಬೋಸ್ ಒಬ್ಬರು. ಇನ್ನೊಬ್ಬರು ಶರದ್‌ಚಂದ್ರ ಶ್ರೀಖಂಡೆ, ಸಾಗರದಲ್ಲಿ ಹುಟ್ಟಿದವರು. ನಮ್ಮ ಶಿವಮೊಗ್ಗದ ಸಾಗರವಲ್ಲ, ಮಧ್ಯಪ್ರದೇಶದ್ದು. ಮೂರನೆಯವರು ಅಮೆರಿಕದ ಪಾರ್ಕರ್. ಸುದ್ದಿ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಬಂತು.

ಕೋಷ್ಟಕದ ಯಾವ ನಂಬರು ಯಾವ ಸವಾರನಿಗೆ ಎಂಬುದನ್ನು ಚೀಟಿ ಎತ್ತಿ ಹಂಚುತ್ತಿದ್ದರು. ಇಷ್ಟು ಸೊಗಸಾದ ಕೋಷ್ಟಕವಿದ್ದೂ "ಚೀಟಿ ಕೈಕೊಟ್ಟಿತು", "ಆ ನಂಬರೇ ಅಪಶಕುನ" ಎಂಬ ಗೋಳು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಯಾವ ನಂಬರು ಬಂದರೂ ಎದುರಾಳಿಗಳು ಅದೇ ಹದಿನೈದು ಮಂದಿ. ಹಾಗೆಂದು ದೂರಿನಲ್ಲಿ ಹುರುಳೇ ಇಲ್ಲವೆಂದಲ್ಲ. ಕೋಷ್ಟಕ ಸಮ ಮಾಡುವುದು ಎದುರಾಳಿಗಳನ್ನು, ನೆಲವನ್ನಲ್ಲ. ಗೇಟು ನಾಲ್ಕು, ಓಟ ಐದು, ಹಾಗಾಗಿ ಯಾವುದೋ ಒಂದು ಗೇಟು ಪ್ರತಿಯೊಬ್ಬನಿಗೂ ಎರಡನೆಯ ಸಲ ಬಂದೇ ಬರುತ್ತದೆ. ಒಳಗಿನ ಗೇಟಿನಿಂದ ದಾರಿ ಚಿಕ್ಕದು. ಆದರೆ ಬ್ರೇಕೇ ಇಲ್ಲದ, ಮೆಥನಾಲ್ ಕುಡಿಯುವ 500 ಸಿಸಿ ಬೈಕುಗಳು ಹಿಂದಿನ ಚಕ್ರ ಜಾರಿಸುತ್ತಾ ಎಡಕ್ಕೆ ತಿರುಗುವಾಗ ಸಡಿಲ ಮಣ್ಣನ್ನು ಹೊರಗೆ ಎರಚುತ್ತವೆ. ಒಳಗಿನ ದಾರಿ ಸವೆದು ನುಣುಪಾಗುತ್ತದೆ, ಹೊರಗೆ ಮಣ್ಣು ಸೇರಿ ಚಕ್ರಕ್ಕೆ ಹಿಡಿತ ಸಿಗುತ್ತದೆ. ನಡುವೆ ಟ್ರ್ಯಾಕ್ಟರ್ ಬಂದು ನೆಲ ಹದ ಮಾಡಿ ಹೋದರೆ ಲೆಕ್ಕ ಮತ್ತೆ ಬದಲು. ಮದುವೆ ಊಟದ ಪಂಕ್ತಿಯ ಹಾಗೆ: ಬಡಿಸುವ ಪಾಯಸ ಒಂದೇ, ಮೊದಲ ಪಂಕ್ತಿಗೆ ಸಿಕ್ಕ ಗೋಡಂಬಿ ಕೊನೆಯ ಪಂಕ್ತಿಗೂ ಸಿಗಬೇಕೆಂದಿಲ್ಲ. ಈಚಿನ ವರ್ಷಗಳಲ್ಲಿ ಚೀಟಿಯ ಬದಲು ಅರ್ಹತಾ ಸುತ್ತಿನಲ್ಲಿ ವೇಗವಾಗಿ ಓಡಿದವರಿಗೆ ನಂಬರು ಆರಿಸುವ ಹಕ್ಕು ಕೊಟ್ಟಿದ್ದು ಇದಕ್ಕೇ.

ಆ ಅರ್ಹತಾ ಸುತ್ತೇ 2023ರಲ್ಲಿ ದೊಡ್ಡ ರಾದ್ಧಾಂತಕ್ಕೆ ಕಾರಣವಾಯಿತು. ಡೆನ್ಮಾರ್ಕಿನ ವೊಯೆನ್ಸ್‌ನಲ್ಲಿ ಪೋಲೆಂಡಿನ ಬಾರ್ತೋಶ್ ಜ್ಮಾರ್ಜ್ಲಿಕ್ ನಿಗದಿತ ವಿನ್ಯಾಸದ್ದಲ್ಲದ ಉಡುಪು ತೊಟ್ಟು ಬಂದ. ಅಧಿಕಾರಿಗಳು ಅವನನ್ನು ಆ ಸ್ಪರ್ಧೆಯಿಂದಲೇ ಹೊರಹಾಕಿದರು. ಬಟ್ಟೆಗೂ ವೇಗಕ್ಕೂ ಏನು ಸಂಬಂಧ ಎಂದು ಅಭಿಮಾನಿಗಳು ಕೆಂಡವಾದರು. ಅವನಿಗಿದ್ದ ಮುನ್ನಡೆ ಕರಗಿ, ಪ್ರಶಸ್ತಿ ಟೊರೂನ್‌ನ ಕೊನೆಯ ಸುತ್ತಿಗೆ ಹೋಯಿತು. ಅಲ್ಲಿ ಅವನೇ ವಿಶ್ವ ಚಾಂಪಿಯನ್ ಆದ.

ಹದಿನಾರು ಜಾಗ ಯಾರಿಗೆ ಎಂಬ ವಾದವೂ ಇಷ್ಟೇ ಬಿಸಿ. 1995ರಲ್ಲಿ ಒಂದು ರಾತ್ರಿಯ ಫೈನಲ್ ಹೋಗಿ ಋತುವಿಡೀ ನಡೆಯುವ ಗ್ರ್ಯಾನ್ ಪ್ರಿ ಬಂತು. ಈಗ ಹದಿನೈದು ಮಂದಿ ಕಾಯಂ, ಒಬ್ಬ ಆ ಸುತ್ತಿಗಷ್ಟೇ ವೈಲ್ಡ್ ಕಾರ್ಡ್. ಅದು ದಯೆಯ ಪ್ರವೇಶ ಎಂದು ಮೂಗು ಮುರಿಯುವವರಿಗೆ ಪೋಲೆಂಡಿನ ಗೊಜೂವ್‌ನಲ್ಲಿ ನಡೆದ 2014ರ ಸುತ್ತನ್ನು ನೆನಪಿಸಬೇಕು. ಅಲ್ಲಿ ವೈಲ್ಡ್ ಕಾರ್ಡ್ ಹಿಡಿದು ಬಂದು ಗೆದ್ದ ಹತ್ತೊಂಬತ್ತರ ಹುಡುಗ ಇದೇ ಜ್ಮಾರ್ಜ್ಲಿಕ್. 2021ರ ವಿಶ್ವ ಚಾಂಪಿಯನ್ ಆರ್ತ್ಯೋಮ್ ಲಗೂತಾ ಮರುವರ್ಷ ಪಟ್ಟಿಯಲ್ಲೇ ಇರಲಿಲ್ಲ. ಯುಕ್ರೇನ್ ಮೇಲಿನ ದಾಳಿಯ ನಂತರ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ರಷ್ಯನ್ ಸವಾರರನ್ನು ನಿಷೇಧಿಸಿತ್ತು. ಪೋಲೆಂಡಿನ ಪೌರತ್ವವೂ ಇದ್ದ ಅವನು 2023ರಲ್ಲಿ ಪೋಲಿಷ್ ಲೈಸೆನ್ಸಿನ ಮೇಲೆ ಅಲ್ಲಿನ ಲೀಗಿಗೆ ಮರಳಿದ. ಇದು ಸರಿಯೋ ತಪ್ಪೋ ಎಂದು ಕೋಷ್ಟಕ ಹೇಳಲಾರದು. ಅದಕ್ಕೆ ಬೇಕಿರುವುದು ಹದಿನಾರು ತಲೆ ಮಾತ್ರ.

ನನ್ನ ಅಸಮಾಧಾನ ಬೇರೆ ಕಡೆ. 1998ರಿಂದ 2004ರವರೆಗೆ ಸಂಘಟಕರು ಈ ಚೆಂದದ ಕೋಷ್ಟಕವನ್ನೇ ಮೂಲೆಗೆ ಎಸೆದು, ಇಪ್ಪತ್ತನಾಲ್ಕು ಮಂದಿಯ ನಾಕೌಟ್ ನಡೆಸಿದರು. ಕೆಲವರು ಬೇಗ ಮನೆಗೆ, ಕೆಲವರು ಒಬ್ಬರನ್ನೊಬ್ಬರು ಕಾಣದೆಯೇ ಮನೆಗೆ. 2005ರಲ್ಲಿ ಬುದ್ಧಿ ಬಂದು ಹದಿನಾರಕ್ಕೆ ಮರಳಿದರು. 2020ರಲ್ಲಿ ಮತ್ತೊಂದು ತಿದ್ದುಪಡಿ: ಹೀಟುಗಳಲ್ಲಿ ಗಳಿಸಿದ ಅಂಕದ ಬದಲು ಆ ರಾತ್ರಿಯ ಅಂತಿಮ ಸ್ಥಾನಕ್ಕೆ ಮಾತ್ರ ಅಂಕ. ಮೊದಲಿಗನಿಗೆ 20, ಎರಡನೆಯವನಿಗೆ 18, 16, 14, ಹೀಗೆ. ಐದಕ್ಕೆ ಐದು ಹೀಟು ಗೆದ್ದವನು ಸೆಮಿಫೈನಲಿನಲ್ಲಿ ಬಿದ್ದರೆ ಆ ಐದು ಗೆಲುವು ನೀರಿನಲ್ಲಿ ಹೋಮ. ಗೊಣಗಾಟ ಕೇಳಿಯೋ ಏನೋ, 2025ರಿಂದ ಕೋಷ್ಟಕದ ಮೊದಲ ಇಬ್ಬರಿಗೆ ನೇರ ಫೈನಲ್ ಪ್ರವೇಶ ಕೊಟ್ಟಿದ್ದಾರೆ.

ಅದೇ 2025ರಲ್ಲಿ ಆಸ್ಟ್ರೇಲಿಯದ ಬ್ರೇಡಿ ಕರ್ಟ್ಸ್ ಸತತ ಐದು ಗ್ರ್ಯಾನ್ ಪ್ರಿ ಗೆದ್ದ, ಈ ಸರಣಿಯಲ್ಲಿ ಹಿಂದೆ ಯಾರೂ ಮಾಡದ ಸಾಧನೆ. ಐದನೆಯದು ವೊಯೆನ್ಸ್‌ನಲ್ಲಿ, ಋತುವಿನ ಕಟ್ಟಕಡೆಯ ರಾತ್ರಿ. ಅವನ ಹಿಂದೆ ಎರಡನೆಯವನಾಗಿ ಬಂದ ಜ್ಮಾರ್ಜ್ಲಿಕ್ ಆರನೆಯ ಸಲ ವಿಶ್ವ ಚಾಂಪಿಯನ್ ಆದ. ಇಬ್ಬರ ನಡುವಿನ ಅಂತರ ಒಂದು ಅಂಕ, ವಿಲ್ಕಿನ್ಸನ್ನಿಗೆ 1936ರಲ್ಲಿ ಕಡಿಮೆ ಬಿದ್ದಿದ್ದಷ್ಟೇ.