ಸಂಬಳದ ಉಪ್ಪು ಯಾವ ಗಾಜಿನ ಪೆಟ್ಟಿಗೆಯಲ್ಲಿದೆ?

ಪ್ರಶ್ನೆ: ಬೇಸಿಗೆಯಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಹತ್ತಿರ ರೋಮನ್ ಸೈನಿಕರ ಬದುಕನ್ನು ತೋರಿಸುವ ಮ್ಯೂಸಿಯಂ ಇದೆಯಂತೆ. ನಮಗೆ ಒಂದೇ ದಿನ ಬಿಡುವು. ಹೋಗಬಹುದೇ? ಸೈನಿಕರಿಗೆ ಸಂಬಳವಾಗಿ ಕೊಡುತ್ತಿದ್ದ ಉಪ್ಪನ್ನು ಅಲ್ಲಿ ಇಟ್ಟಿದ್ದಾರೆಯೇ?

ಉತ್ತರ: ಹೋಗಬಹುದು, ಖಂಡಿತ ಹೋಗಿ. ಉಪ್ಪನ್ನು ಇಟ್ಟಿಲ್ಲ, ಏಕೆಂದರೆ ಅಂಥ ಉಪ್ಪು ಇರಲೇ ಇಲ್ಲ. ಈ ಎರಡನೆಯ ಪ್ರಶ್ನೆ ಪ್ರತಿ ಬೇಸಿಗೆ ರಜೆಗೂ ತಪ್ಪದೆ ಬರುತ್ತದೆ. ಹಿಂದೆಲ್ಲ ಒಂದು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳುತ್ತಿದ್ದೆ. ಅದರಿಂದ ಏನೂ ಪ್ರಯೋಜನವಾಗಿಲ್ಲವಾದ್ದರಿಂದ ಈ ಸಲ ಬುಡಸಮೇತ ಕಿತ್ತುಹಾಕುವ ಉದ್ದೇಶವಿದೆ. ಮೊದಲು ಪ್ರವಾಸದ ಮಾತು ಮುಗಿಸೋಣ.

ಅಲ್ಲಿರುವುದು ಒಂದಲ್ಲ, ಎರಡು ಜಾಗ. ಗ್ರೀನ್‌ಹೆಡ್ ಹಳ್ಳಿಯ ಬಳಿ ಕಾರ್ವೋರಾನ್‌ನಲ್ಲಿ ರೋಮನ್ ಆರ್ಮಿ ಮ್ಯೂಸಿಯಂ ಇದೆ. ಅಲ್ಲಿಂದ ಪೂರ್ವಕ್ಕೆ, ಗೋಡೆಯ ಗುಂಟ ಸ್ವಲ್ಪ ದೂರ ಹೋದರೆ ವಿಂಡೋಲಾಂಡಾ ಎಂಬ ಕೋಟೆಯ ಅವಶೇಷವೂ ಅದರದ್ದೇ ಮ್ಯೂಸಿಯಮ್ಮೂ ಸಿಗುತ್ತವೆ. ಎರಡನ್ನೂ ನಡೆಸುವುದು ವಿಂಡೋಲಾಂಡಾ ಟ್ರಸ್ಟ್, ಎರಡಕ್ಕೂ ಸೇರಿಸಿ ಟಿಕೆಟ್ ಕೊಡುತ್ತಾರೆ. ಸೈನಿಕ ಹೇಗೆ ಭರ್ತಿಯಾಗುತ್ತಿದ್ದ, ಏನು ಹೊರುತ್ತಿದ್ದ, ಏನು ಉಣ್ಣುತ್ತಿದ್ದ ಎಂಬುದನ್ನು ಮೊದಲನೆಯದು ಪಾಠದಂತೆ ತಿಳಿಸುತ್ತದೆ. ಮಕ್ಕಳಿದ್ದರೆ ಅಲ್ಲಿಂದಲೇ ಶುರುಮಾಡಿ. ಎರಡನೆಯದರಲ್ಲಿ ಪಾಠ ಕಡಿಮೆ, ಆ ಮಣ್ಣಿನಲ್ಲಿ ಸಿಕ್ಕ ಸಾಮಾನೇ ಹೆಚ್ಚು. ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನನ್ನ ಮತ ವಿಂಡೋಲಾಂಡಾಕ್ಕೆ. ನ್ಯೂಕಾಸಲ್‌ನಿಂದ ಕಾರ್ಲೈಲ್ ಕಡೆಯ ರೈಲು ಹಿಡಿದು ಹಾಲ್ಟ್‌ವಿಸಲ್‌ನಲ್ಲಿ ಇಳಿದರೆ, ಪ್ರವಾಸದ ತಿಂಗಳುಗಳಲ್ಲಿ ಗೋಡೆಯ ಉದ್ದಕ್ಕೂ ಓಡಾಡುವ ಬಸ್ ಇರುತ್ತದೆ. ಅದರ ಸಂಖ್ಯೆ ಎಡಿ 122. ಗೋಡೆ ಕಟ್ಟಲು ಶುರುವಾದ ವರ್ಷವನ್ನೇ ಬಸ್ಸಿಗೆ ಇಟ್ಟಿದ್ದಾರೆ. ವಿಂಡೋಲಾಂಡಾದಲ್ಲಿ ಉತ್ಖನನದ ಬಯಲು ಮೇಲೆ, ಮ್ಯೂಸಿಯಂ ಕೆಳಗೆ ಹಳ್ಳದ ಬದಿಗೆ ಇರುವುದರಿಂದ ನಡುವೆ ಕಡಿದಾದ ಇಳಿಜಾರು ಇದೆ. ಮೊಣಕಾಲು ನೋವಿನವರು ಇದನ್ನು ಮೊದಲೇ ಗಮನದಲ್ಲಿಟ್ಟುಕೊಳ್ಳಲಿ. ಜುಲೈ ಎಂದು ನಂಬಿ ಮಳೆಯಂಗಿ ಬಿಟ್ಟು ಹೋಗಬೇಡಿ. ಚಳಿಗಾಲದಲ್ಲಿ ಬಾಗಿಲು ಮುಚ್ಚುವ ದಿನಗಳೂ ಇವೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಇನ್ನು ಉಪ್ಪು.

ಕಥೆ ಎಲ್ಲರಿಗೂ ಗೊತ್ತು. ರೋಮಿನಲ್ಲಿ ಉಪ್ಪು ಚಿನ್ನದಷ್ಟು ದುಬಾರಿಯಾಗಿತ್ತಂತೆ, ಆದ್ದರಿಂದ ಸೈನಿಕರಿಗೆ ಉಪ್ಪನ್ನೇ ಅಳೆದು ಕೊಡುತ್ತಿದ್ದರಂತೆ, ಇಂಗ್ಲಿಷಿನ ‘ಸ್ಯಾಲರಿ’ ಹುಟ್ಟಿದ್ದು ಅದರಿಂದಲಂತೆ. ಶಾಲೆಯ ಗೋಡೆಬರಹದಿಂದ ಹಿಡಿದು ಕಂಪನಿಯ ತರಬೇತಿ ಭಾಷಣದವರೆಗೆ ಇದು ಓಡಾಡುತ್ತಿದೆ. ನಮ್ಮವರು ಇದನ್ನು ಬೇಗ ನಂಬುವುದಕ್ಕೆ ಇನ್ನೂ ಒಂದು ಕಾರಣವಿದೆ ಎಂದು ನನಗೆ ಅನ್ನಿಸುತ್ತದೆ. ಉಪ್ಪಿನ ಋಣ, ಉಪ್ಪು ತಿಂದ ಮನೆಗೆ ಎರಡು ಬಗೆಯುವುದು ಎಂದೆಲ್ಲ ಕೇಳಿ ಬೆಳೆದವರಿಗೆ ಒಡೆಯ ಉಪ್ಪು ಕೊಡುವುದು, ಆಳು ನಿಷ್ಠೆಯಿಂದ ದುಡಿಯುವುದು ಸಹಜವಾಗಿಯೇ ಕಾಣುತ್ತದೆ. ಕಥೆ ಚೆನ್ನಾಗಿದೆ. ಪುರಾವೆ ಮಾತ್ರ ಇಲ್ಲ.

ಮೂಲಕ್ಕೆ ಹೋಗಿ ನೋಡಿದರೆ ಸಿಗುವುದು ಹಿರಿಯ ಪ್ಲಿನಿ ಎಂಬ ರೋಮನ್ ಲೇಖಕನ ಒಂದು ವಾಕ್ಯ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತನಲ್ಲ, ಅವನೇ. ಉಪ್ಪಿನ ಗುಣಗಾನ ಮಾಡುತ್ತಾ, ಗೌರವ ಸಂಭಾವನೆಗಳಲ್ಲಿಯೂ ಸೇನಾ ಸೇವೆಯಲ್ಲಿಯೂ ಉಪ್ಪಿಗೆ ಪಾಲಿದೆ, ‘ಸಲಾರಿಯಂ’ ಎಂಬ ಹೆಸರು ಅಲ್ಲಿಂದಲೇ ಬಂದದ್ದು ಎಂದು ಅವನು ಬರೆಯುತ್ತಾನೆ. ಅಷ್ಟೇ. ಸೈನಿಕರ ಕೈಗೆ ಸಂಬಳವೆಂದು ಉಪ್ಪು ಸುರಿದರು ಎಂದು ಅವನು ಎಲ್ಲಿಯೂ ಹೇಳುವುದಿಲ್ಲ. ಅದೂ ಅಲ್ಲದೆ ಸಾಮಾನ್ಯ ಸೈನಿಕನ ಸಂಬಳಕ್ಕೆ ಇದ್ದ ಹೆಸರು ‘ಸ್ಟಿಪೆಂಡಿಯಂ’. ಸಲಾರಿಯಂ ಎಂಬುದು ಅಧಿಕಾರಿಗಳಿಗೆ ಸಲ್ಲುತ್ತಿದ್ದ ಭತ್ಯೆ. ಒಂದು ಹೆಸರಿನ ಹುಟ್ಟಿನ ಬಗ್ಗೆ ಪ್ಲಿನಿ ಆಡಿದ ಮಾತಿಗೆ ಮುಂದಿನವರು ಮೂಟೆಗಟ್ಟಲೆ ಉಪ್ಪು ಬೆರೆಸಿದ್ದಾರೆ.

ಸಂಬಳ ಹೇಗೆ ಕೊಡುತ್ತಿದ್ದರು ಎಂಬುದೇನೂ ರಹಸ್ಯವಲ್ಲ. ಕ್ರಿ.ಪೂ. ಎರಡನೆಯ ಶತಮಾನದಲ್ಲೇ ಪಾಲಿಬಿಯಸ್ ಎಂಬ ಗ್ರೀಕ್ ಇತಿಹಾಸಕಾರ ಲೆಕ್ಕ ಕೊಡುತ್ತಾನೆ: ಕಾಲಾಳಿಗೆ ದಿನಕ್ಕೆ ಎರಡು ಒಬೋಲ್, ತುಕಡಿಯ ನಾಯಕನಾದ ಸೆಂಚುರಿಯನ್ನನಿಗೆ ಅದರ ಎರಡರಷ್ಟು, ಕುದುರೆ ಸವಾರನಿಗೆ ಒಂದು ದ್ರಾಕ್ಮಾ. ಎಲ್ಲವೂ ಹಣ. ಧಾನ್ಯ, ಬಟ್ಟೆ, ಆಯುಧ ಕೊಟ್ಟರೆ ಅದರ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಅಗಸ್ಟಸ್ ಚಕ್ರವರ್ತಿಯ ಕಾಲಕ್ಕೆ ಲೀಜನ್ ಎಂಬ ಮುಖ್ಯ ಸೇನಾದಳದ ಸೈನಿಕನ ವರ್ಷದ ಸಂಬಳ 225 ದಿನಾರಿ (ಒಂದಾದರೆ ದಿನಾರಿಯಸ್, ಬೆಳ್ಳಿಯ ನಾಣ್ಯ), ಅಂದರೆ ದಿನಕ್ಕೆ ಸುಮಾರು ಹತ್ತು ಆಸ್ ನಾಣ್ಯ. ಮುಂದೆ ಡೊಮಿಷಿಯನ್ ಚಕ್ರವರ್ತಿ ಅದನ್ನು 300 ದಿನಾರಿಗೆ ಏರಿಸಿದ. ಕ್ರಿ.ಶ. 14ರಲ್ಲಿ ಪನ್ನೋನಿಯಾ ಪ್ರಾಂತದ ಪಡೆಗಳು ದಂಗೆಯೆದ್ದಾಗ ಪೆರ್ಸೆನ್ನಿಯಸ್ ಎಂಬ ಸಿಪಾಯಿ ಮಾಡಿದ ಭಾಷಣವನ್ನು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ದೇಹಕ್ಕೂ ಪ್ರಾಣಕ್ಕೂ ಸೇರಿ ದಿನಕ್ಕೆ ಹತ್ತು ಆಸ್ ಬೆಲೆ ಕಟ್ಟಿದ್ದಾರೆ, ಅದರಲ್ಲೇ ಬಟ್ಟೆ, ಆಯುಧ, ಗುಡಾರ, ಮೇಲಿನವರಿಗೆ ಲಂಚ ಎಲ್ಲವೂ ಆಗಬೇಕು ಎಂಬುದು ಅವನ ಅಳಲು. ಅವನ ಬೇಡಿಕೆ ದಿನಕ್ಕೆ ಒಂದು ದಿನಾರಿಯಸ್. ಉಪ್ಪಿನ ಸಂಬಳವೇ ಇದ್ದಿದ್ದರೆ ಅಷ್ಟು ಬಾಯಿ ಇದ್ದ ಮನುಷ್ಯ ಅದನ್ನು ಬಿಡುತ್ತಿದ್ದನೇ?

ಇದಕ್ಕಿಂತ ಗಟ್ಟಿ ಸಾಕ್ಷಿ ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಪ್ಯಾಪಿರಸ್ ಚೂರು. ಬೈರೂತಿನ ಗೈಯಸ್ ಮೆಸ್ಸಿಯಸ್ ಎಂಬ ಸೈನಿಕನ ಸಂಬಳ ಚೀಟಿ ಅದು, ಮೊದಲ ಶತಮಾನದ್ದು. ಒಂದು ಕಂತಿನಲ್ಲಿ ಅವನಿಗೆ ಬಂದದ್ದು 50 ದಿನಾರಿ. ಬಾರ್ಲಿಯ ಬಾಬತ್ತು 16, ಊಟದ ಖರ್ಚು 20, ಬೂಟು 5, ತೊಗಲಿನ ಪಟ್ಟಿ 2, ನಾರುಬಟ್ಟೆಯ ಅಂಗಿ 7. ಕೂಡಿಸಿ ನೋಡಿ, ಮತ್ತೆ 50. ಕೈಗೆ ಬಂದದ್ದು ಸೊನ್ನೆ! ತಿಂಗಳ ಕೊನೆಯ ಸಂಕಟ ಬಲ್ಲ ಯಾರಿಗೂ ಈ ಚೀಟಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದರಲ್ಲಿ ಜಮೆಯಾಗಿರುವುದು ಹಣ, ಕಡಿತವಾಗಿರುವುದೂ ಹಣವೇ.

‘ಉಪ್ಪು ಅಷ್ಟು ದುಬಾರಿಯಾಗಿತ್ತಲ್ಲ ಸಾರ್’ ಎಂದು ಹಿಂದಿನ ಬೆಂಚಿನಿಂದ ದನಿ ಬರುತ್ತದೆ. ಇರಲಿಲ್ಲ. ಕ್ರಿ.ಶ. 301ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿ ಸಾಮಾನುಗಳ ಗರಿಷ್ಠ ಬೆಲೆಯ ದೊಡ್ಡ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿಸಿದ. ಅದರಲ್ಲಿ ಒಂದು ಸೇನಾ ಮೋಡಿಯಸ್ ಅಳತೆ ಗೋಧಿಗೆ 100 ದಿನಾರಿ, ಅದೇ ಅಳತೆ ಉಪ್ಪಿಗೂ 100 ದಿನಾರಿ. ಗೋಧಿಯ ಬೆಲೆಗೆ ಸಿಗುವ ಸರಕು ಚಿನ್ನಕ್ಕೆ ಸಮವಾಗುವುದು ಹೇಗೆ? ಐದು ಸಾವಿರ ಜನರ ಒಂದು ಲೀಜನ್ನಿಗೆ ನಾಲ್ಕು ತಿಂಗಳಿಗೊಮ್ಮೆ ಉಪ್ಪಿನಲ್ಲಿ ಬಟವಾಡೆ ಮಾಡುವುದಾದರೆ ಎಷ್ಟು ಹೇಸರಗತ್ತೆ ಬೇಕು ಎಂದು ಕಂಪನಿಯ ತರಬೇತುದಾರರು ಒಮ್ಮೆ ಲೆಕ್ಕ ಹಾಕಿ ನೋಡಲಿ. ಈ ಗೋಡೆಯಿರುವ ನಾರ್ದಂಬರ್‌ಲ್ಯಾಂಡಿನ ಮಳೆಯಲ್ಲಿ ಆ ಸಂಬಳ ದಾರಿಯಲ್ಲೇ ಕರಗಿ ಹಳ್ಳ ಸೇರುತ್ತಿತ್ತು.

ವಿಂಡೋಲಾಂಡಾಕ್ಕೆ ನಾನು ಮತ ಹಾಕಿದ್ದು ಈ ಕಾರಣಕ್ಕೇ. 1973ರಲ್ಲಿ ಪುರಾತತ್ವಜ್ಞ ರಾಬಿನ್ ಬರ್ಲಿ ಅಲ್ಲಿ ಅಗೆಯುತ್ತಿದ್ದಾಗ ಮರದ ತೆಳು ಸೀಳುಗಳು ಸಿಕ್ಕವು. ಪೋಸ್ಟ್‌ಕಾರ್ಡಿನಷ್ಟು ಅಗಲ, ಮೇಲೆ ಶಾಯಿಯ ಬರಹ. ಒಂದರ ಮೇಲೊಂದು ಕೋಟೆ ಕಟ್ಟುತ್ತಾ ಹೋದದ್ದರಿಂದ ಕೆಳಗಿನ ಪದರಕ್ಕೆ ಗಾಳಿಯಾಡದೆ ಮರ, ತೊಗಲು, ಬಟ್ಟೆ ಕೊಳೆಯದೆ ಉಳಿದಿವೆ. ಈ ಹಲಗೆಗಳಲ್ಲಿ ಹೆಚ್ಚಿನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ, ಕೆಲವು ಮಾತ್ರ ತವರಿಗೆ ಮರಳಿ ಪ್ರದರ್ಶನದಲ್ಲಿವೆ. ಒಂದರಲ್ಲಿ ಆಕ್ಟೇವಿಯಸ್ ಎಂಬಾತ ಕ್ಯಾಂಡಿಡಸ್‌ಗೆ ಬರೆಯುತ್ತಾನೆ: ಸುಮಾರು ಐದು ಸಾವಿರ ಮೋಡಿಯಸ್ ಧಾನ್ಯದ ತೆನೆ ಖರೀದಿಸಿದ್ದೇನೆ, ಕಡೇಪಕ್ಷ 500 ದಿನಾರಿ ಕಳಿಸು, ಇಲ್ಲದಿದ್ದರೆ ಕೊಟ್ಟ ಮುಂಗಡ 300 ದಿನಾರಿ ಮುಳುಗುತ್ತದೆ, ನನ್ನ ಮಾನವೂ ಹೋಗುತ್ತದೆ. ಇನ್ನೊಂದರಲ್ಲಿ ಮಾಸ್ಕ್ಲಸ್ ಎಂಬವನು, ನಮ್ಮವರಿಗೆ ಬಿಯರ್ ಮುಗಿದಿದೆ, ಕಳಿಸಲು ಅಪ್ಪಣೆ ಮಾಡಿ ಎಂದು ಮೇಲಧಿಕಾರಿಯನ್ನು ಕೇಳುತ್ತಾನೆ. ಯಾರಿಗೋ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ ಕಳಿಸಿದ್ದೇವೆ ಎಂಬ ಕಾಗದವೂ ಇದೆ. ಖರ್ಚಿನ ಪಟ್ಟಿಗಳಲ್ಲಿ ಉಪ್ಪು ಬರುತ್ತದೆ. ಅಲ್ಲಿ ಅದು ದುಡ್ಡು ಕೊಟ್ಟು ತಂದ ದಿನಸಿ. ಮೊಳೆ, ಹಂದಿಮಾಂಸ, ಬಿಯರ್‌ಗಳ ಸಾಲಿನಲ್ಲೇ ಅದರ ಲೆಕ್ಕವೂ ಬರುತ್ತದೆ.

ಸೇನೆಯ ಲೆಕ್ಕಾಚಾರದಲ್ಲಿ ಮೋಸವೇ ಇರಲಿಲ್ಲವೇ ಎಂದು ಕೇಳಿದ್ದರೆ ಅದು ಒಳ್ಳೆಯ ಪ್ರಶ್ನೆಯಾಗುತ್ತಿತ್ತು. ಕಾರ್ವೋರಾನ್‌ನಲ್ಲಿ 1915ರಲ್ಲಿ ಒಬ್ಬ ಅಂಚೆಯವನ ಕಣ್ಣಿಗೆ ಕಂಚಿನ ಕೊಳಗವೊಂದು ಬಿತ್ತು. ಧಾನ್ಯ ಅಳೆಯುವ ಸರ್ಕಾರಿ ಅಳತೆ ಅದು, ಬಾಯಿಯ ಕಡೆಗೆ ಸಣ್ಣಗಾಗುತ್ತಾ ಹೋಗುತ್ತದೆ. ಹದಿನೇಳೂವರೆ ಸೆಕ್ಸ್‌ಟೇರಿಯಸ್ (ರೋಮನ್ನರ ಒಂದು ಸಣ್ಣ ಅಳತೆ) ಹಿಡಿಯುತ್ತದೆ ಎಂದು ಮೇಲೆ ಬರೆದಿದೆ, ಅಳೆದರೆ ಇಪ್ಪತ್ತಕ್ಕೂ ಹೆಚ್ಚು ಹಿಡಿಯುತ್ತದೆ. ಸುತ್ತಲಿನ ರೈತರಿಂದ ತೆರಿಗೆಯ ಧಾನ್ಯ ವಸೂಲಿ ಮಾಡುವಾಗ ಹೆಚ್ಚಾಗಿ ಕಿತ್ತುಕೊಳ್ಳಲು ಹೀಗೆ ಮಾಡಿರಬಹುದು ಎಂದು ಕೆಲವರು, ಒಳಗೆ ಅಳತೆಯ ಗುರುತು ಇದ್ದಿರಬಹುದು ಎಂದು ಇನ್ನು ಕೆಲವರು. ನಾನು ರೈತರ ಕಡೆಗೆ. ಅದರ ಮೇಲಿದ್ದ ಡೊಮಿಷಿಯನ್ ಹೆಸರನ್ನು, ಅವನು ಕೊಲೆಯಾದ ಮೇಲೆ, ಕೆರೆದು ಅಳಿಸಿದ್ದಾರೆ. ಸಂಬಳ ಏರಿಸಿದವನ ಹೆಸರಿಗೆ ಸೇನೆಯ ಕೊಳಗದ ಮೇಲೆ ಈ ಗತಿ. ಕೊಳಗ ಈಗ ಚೆಸ್ಟರ್ಸ್ ಕೋಟೆಯ ಮ್ಯೂಸಿಯಮ್ಮಿನಲ್ಲಿದೆ. ನ್ಯೂಕಾಸಲ್ ಕಡೆಯಿಂದ ಕಾರಿನಲ್ಲಿ ಬರುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ.

ಕಾರ್ವೋರಾನ್ ಎಂದ ಮೇಲೆ ಇನ್ನೊಂದು ಮಾತು. ಅಲ್ಲಿದ್ದ ಮ್ಯಾಗ್ನಾ ಕೋಟೆಯಲ್ಲಿ ಕಾವಲಿದ್ದವರಲ್ಲಿ ಸಿರಿಯಾದ ಬಿಲ್ಲುಗಾರರ ಪಡೆಯೂ ಇತ್ತು. ವಿಂಡೋಲಾಂಡಾದಲ್ಲಿದ್ದವರು ಇಂದಿನ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಕಡೆಯ ಟಂಗ್ರಿಯನ್ನರು, ಬಟೇವಿಯನ್ನರು. ರೋಮ್ ನಗರವನ್ನು ಕಣ್ಣಲ್ಲಿ ಕಂಡವರು ಅವರಲ್ಲಿ ಹೆಚ್ಚು ಜನ ಇದ್ದಿರಲಾರರು. ಅದೇ ಮ್ಯಾಗ್ನಾದಲ್ಲಿ 2025ರಲ್ಲಿ ಅಗೆದಾಗ 32.6 ಸೆಂಟಿಮೀಟರ್ ಉದ್ದದ ಪಾದರಕ್ಷೆಯ ಅಡಿ ಸಿಕ್ಕಿತು. ಅಂಥ ಪಾದದವನಿಗೆ ಇಂದಿನ ಅಂಗಡಿಯಲ್ಲೂ ಚಪ್ಪಲಿ ಸಿಗುವುದು ಕಷ್ಟ.

ನೀವು ಕೇಳಬೇಕಾಗಿದ್ದದ್ದು ಮೆಣಸಿನ ಬಗ್ಗೆ. ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ವಿಂಡೋಲಾಂಡಾದ ಒಂದು ಹಲಗೆಯಲ್ಲಿ ಒಂದು ತುಕಡಿಯ ಸೈನಿಕರ ಹೆಸರು, ಅವರು ಕೊಂಡ ಚಿಲ್ಲರೆ ಸಾಮಾನು, ಅದರ ದರ ಇವೆ. ಅದರಲ್ಲಿ ಒಂದು ಸಾಲು: ಟಪ್ಪೋನ ಮಗ ಗ್ಯಾಂಬಾಕ್ಸ್, ಮೆಣಸು, ಎರಡು ದಿನಾರಿ. ಅದು ಕಾಳುಮೆಣಸು, ನಮ್ಮ ಕಡೆಯ ಸರಕು. ಕರಿಮೆಣಸಿನ ಬೆಲೆ ಪೌಂಡಿಗೆ ನಾಲ್ಕು ದಿನಾರಿ ಎಂದು ಅದೇ ಪ್ಲಿನಿ ಬರೆದಿದ್ದಾನೆ. ಆ ದರ ಹಿಡಿದರೆ ಗ್ಯಾಂಬಾಕ್ಸನಿಗೆ ಸಿಕ್ಕಿದ್ದು ಅರ್ಧ ರೋಮನ್ ಪೌಂಡು, ಇಂದಿನ ಲೆಕ್ಕದಲ್ಲಿ ಸುಮಾರು 160 ಗ್ರಾಂ. ಲೀಜನ್ ಸೈನಿಕನ ಸಂಬಳದ ಲೆಕ್ಕದಲ್ಲಿ ಅದು ಎರಡು ದಿನಕ್ಕೂ ಮೀರಿದ ದುಡಿಮೆ. ಗ್ಯಾಂಬಾಕ್ಸನಂಥ ಸಹಾಯಕ ಪಡೆಯ ಸಿಪಾಯಿಗೆ ಇನ್ನೂ ಭಾರವಾಗಿದ್ದಿರಬಹುದು. ಆದರೂ ಕೊಂಡಿದ್ದಾನೆ, ಮಹಾರಾಯ.

ಆ ಕಾಳು ಬಂದ ದಾರಿ ನೋಡಿ. ಕೇರಳದ ಮುಜಿರಿಸ್ ಬಂದರಿನಲ್ಲಿ ಹಡಗು ಹತ್ತಿ, ಮಾನ್ಸೂನ್ ಗಾಳಿ ಹಿಡಿದು ಕೆಂಪು ಸಮುದ್ರ, ಅಲ್ಲಿಂದ ಒಂಟೆಯ ಬೆನ್ನಿನ ಮೇಲೆ ನೈಲ್ ನದಿ, ಅಲೆಕ್ಸಾಂಡ್ರಿಯ, ರೋಮ್, ಅನಂತರ ಸಾಮ್ರಾಜ್ಯದ ಉತ್ತರದ ಅಂಚು. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯೊಂದರಲ್ಲಿ ಭಾರತದ ಜಾಡಿಯಲ್ಲಿ ತುಂಬಿಟ್ಟ ಏಳೂವರೆ ಕಿಲೋ ಕರಿಮೆಣಸು ಉತ್ಖನನದಲ್ಲಿ ಹಾಗೆಯೇ ಸಿಕ್ಕಿದೆ. ಖಾರವೊಂದನ್ನು ಬಿಟ್ಟರೆ ಬೇರೇನೂ ಇಲ್ಲದ ಈ ವಸ್ತುವಿಗಾಗಿ ಇಂಡಿಯಾದವರೆಗೆ ಹೋಗಬೇಕೇ ಎಂದು ಪ್ಲಿನಿ ಸಿಡುಕುತ್ತಾನೆ. ಭಾರತ ಪ್ರತಿ ವರ್ಷ ಐದು ಕೋಟಿ ಸೆಸ್ಟರ್ಸ್ ನಾಣ್ಯ ಎಳೆದುಕೊಳ್ಳುತ್ತಿದೆ ಎಂದೂ ಗೊಣಗುತ್ತಾನೆ. ಹಾಗೆ ನಮ್ಮ ನೆಲಕ್ಕೆ ಬಂದ ರೋಮನ್ ಬೆಳ್ಳಿ ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಬೆಂಗಳೂರಿನ ಯಶವಂತಪುರದ ನಾಣ್ಯರಾಶಿಯಲ್ಲೂ ಕಂಡಿದೆ. ಸಿಪಾಯಿಯ ಸಂಬಳವಾಗಿ ಎಣಿಸಿ ಕೊಡುತ್ತಿದ್ದದ್ದೂ ಇದೇ ದಿನಾರಿ.

ಇದನ್ನು ಓದಿದವರಲ್ಲಿ ಯಾರಾದರೂ ‘ರೋಮನ್ ಸೈನಿಕರು ತಿಂದದ್ದು ಶಿರಸಿಯ ಮೆಣಸು’ ಎಂದು ವಾಟ್ಸಾಪ್‌ನಲ್ಲಿ ಹಾಕುತ್ತಾರೆ ಎಂಬ ಭಯ ನನಗೆ ಈಗಲೇ ಇದೆ. ಹಲಗೆಯಲ್ಲಿ ಊರಿನ ಹೆಸರಿಲ್ಲ, ಬಳ್ಳಿಯ ಹೆಸರೂ ಇಲ್ಲ. ದಯವಿಟ್ಟು ಹಾಕಬೇಡಿ. ಮುಂದಿನ ಬೇಸಿಗೆಗೆ ನಾನು ಅದಕ್ಕೂ ಉತ್ತರ ಬರೆಯಬೇಕಾಗುತ್ತದೆ.